ಮರವಾದ ಮೇಲೆ ಬಗ್ಗಿದ್ದು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ನಮ್ಮ ಶಾಲೆಗಳಲ್ಲಿ ಎಷ್ಟು ಸಲ ಹೇಳುತ್ತೇವೆಂದರೆ, ಪ್ರಾರ್ಥನೆಯನ್ನೂ ಅಷ್ಟು ಸಲ ಹೇಳುವುದಿಲ್ಲವೇನೋ. ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಕೊಟ್ಟರೆ ಮಕ್ಕಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಉತ್ತರ ಬರೆಯುತ್ತಾರೆ. ಮೂರು ಅಂಕಕ್ಕೆ ಎರಡೂವರೆ ಕೊಟ್ಟು ಮುಂದಿನ ಹಾಳೆ ತಿರುಗಿಸುವುದು ನಮಗೂ ಅಭ್ಯಾಸ. ಇದೇ ಗಾದೆ ಹೆಣ್ಣು ನೋಡುವ ಮನೆಗಳಲ್ಲಿ ಬೇರೆ ಸೀರೆ ಉಟ್ಟು ಬರುತ್ತದೆ. “ಹುಡುಗಿ ಇನ್ನೂ ಚಿಕ್ಕವಳು, ನಮ್ಮ ಮನೆಗೆ ಹೊಂದಿಕೊಳ್ಳುತ್ತಾಳೆ ಬಿಡಿ” ಎನ್ನುತ್ತಾರೆ. ಮೂವತ್ತು ದಾಟಿದವಳಾದರೆ “ಓದಿದ್ದಾಳೆ, ಕೆಲಸದಲ್ಲಿದ್ದಾಳೆ, ಎಲ್ಲಾ ಸರಿ, ಆದರೆ ಬಗ್ಗುತ್ತಾಳೆಯೇ?” ಎಂದು ಅನುಮಾನ. ಮಾತಿನಲ್ಲಿ ಮರ ಗಿಡ ಯಾವುದೂ ಇರುವುದಿಲ್ಲ. ಆದರೂ ಅಲ್ಲಿರುವುದು ಅದೇ ಗಾದೆ.

ಗಾದೆ ಸುಳ್ಳು ಎಂದು ನನಗೆ ತಿಳಿದದ್ದು ಒಂದು ಕೋವಿಯಿಂದ. ಮೇಡಂ ಕೈಯಲ್ಲಿ ಕೋವಿಯ ಮಾತೇ ಎಂದು ನೀವು ಹುಬ್ಬೇರಿಸುವಿರಿ. ಕೊಡಗಿಗೆ ವರ್ಗವಾಗಿ ಬರುವ ತನಕ ನಾನೂ ಕೋವಿಯನ್ನು ಬ್ಯಾಂಕಿನ ಕಾವಲುಗಾರನ ಹೆಗಲ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಇಲ್ಲಿ ಅದು ಮನೆಯ ಸದಸ್ಯನ ಹಾಗೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. (ಹೆಣ್ಣು ಹುಟ್ಟಿದರೆ ಏಕೆ ಹೊಡೆಯುವುದಿಲ್ಲ ಎಂದು ಬಂದ ಹೊಸದರಲ್ಲಿ ಕೇಳಿದ್ದೆ. ಕೇಳಿದವರು ನಕ್ಕರು, ನಾನೂ ನಕ್ಕೆ, ಪ್ರಶ್ನೆ ಅಲ್ಲೇ ಇದೆ.) ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಬಂದಾಗ ಕೋವಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಈಗ ಹಬ್ಬದ ದಿನ ಕೋವಿಯ ಮುಂದೆ ಇರುವುದು ತೆಂಗಿನಕಾಯಿಯೇ.

ನಮ್ಮ ಪಕ್ಕದ ಮನೆಯವರು ನಿವೃತ್ತ ಸುಬೇದಾರರು. ಸೇನೆಯಲ್ಲಿ ಅವರು ಗುಂಡು ಹಾರಿಸುವುದಕ್ಕಿಂತ ಬಂದೂಕು ರಿಪೇರಿ ಮಾಡಿದ್ದೇ ಹೆಚ್ಚು, ಆರ್ಮರರ್ ಆಗಿದ್ದರಂತೆ. ಅವರ ಮನೆಯಲ್ಲಿ ಎರಡು ನಳಿಗೆಯ ಹಳೆಯ ಕೋವಿಯೊಂದಿದೆ. ಅವರ ತಂದೆ ಊರು ಬಿಟ್ಟು ಹೊರಟಿದ್ದ ಇಂಗ್ಲಿಷ್ ತೋಟದ ಸಾಹೇಬನೊಬ್ಬನಿಂದ ಕೊಂಡದ್ದು. ನಳಿಗೆಯ ಅಡಿಯಲ್ಲಿ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದ ಮುದ್ರೆಯಿದೆ. 1813ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯಿದೆ ಮಾಡಿ ಸ್ಥಾಪಿಸಿದ ಆ ಮನೆಯಲ್ಲಿ, ಮಾರಾಟಕ್ಕೆ ಹೋಗುವ ಮುಂಚೆ ಪ್ರತಿ ನಳಿಗೆಗೂ ಹೆಚ್ಚಿನ ಮದ್ದು ತುಂಬಿ ಹಾರಿಸಿ, ಸೀಳದೆ ಉಳಿದರೆ ಮುದ್ರೆ ಹಾಕುತ್ತಿದ್ದರು. ಉಕ್ಕಿಗೆ ಪರೀಕ್ಷೆ ಆಯಿತು. ನಾನು ಹೇಳಹೊರಟದ್ದು ಉಕ್ಕಿನ ಹಿಂದಿರುವ ಮರದ ಮಾತು.

ಭುಜಕ್ಕೆ ಆನಿಸಿ ಕೆನ್ನೆ ಒರಗಿಸುವ ಆ ಮರ ಅಕ್ರೋಟಿನದು. ನೋಡಿದರೆ ನೇರ ಎನ್ನಿಸುತ್ತದೆ. ಆದರೆ ನಳಿಗೆಯ ಮೇಲೆ ದಾರ ಎಳೆದು ಹಿಡಿದರೆ ಹಿಂಭಾಗ ಬಲಕ್ಕೆ ಸ್ವಲ್ಪ ವಾರೆಯಾಗಿರುವುದು ಕಾಣುತ್ತದೆ. ಎರಡು ನೂಲು, ಮೂರು ನೂಲು, ಅಷ್ಟೇ. (ಬಡಗಿಗಳ ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ.) ಹಾಗೆಯೇ ನಳಿಗೆಯ ಮಟ್ಟದಿಂದ ಕೆಳಕ್ಕೂ ಒಂದಿಷ್ಟು ಇಳಿಜಾರು. ಅಂಥ ಕೂದಲೆಳೆಯ ಲೆಕ್ಕಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದೆ. ಸುಬೇದಾರರು ಹೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ರೈಫಲ್ಲಿಗೆ ಗುರಿ ನೋಡಲು ಮುಂದೊಂದು ಹಿಂದೊಂದು ಸಾಧನವಿರುತ್ತದೆ. ಈ ಕೋವಿಗೆ ಮುಂದೆ ಒಂದು ಪುಟ್ಟ ಮಣಿ ಮಾತ್ರ. ಹಿಂದಿನ ಸಾಧನ ನಮ್ಮ ಕಣ್ಣೇ. ಕಣ್ಣು ಎಲ್ಲಿ ಕೂರಬೇಕೆಂಬುದನ್ನು ಕೆನ್ನೆ ಹೇಳುತ್ತದೆ, ಕೆನ್ನೆ ಎಲ್ಲಿ ಕೂರಬೇಕೆಂಬುದನ್ನು ಮರ ಹೇಳುತ್ತದೆ. ಉಳಿದದ್ದು ತ್ರೈರಾಶಿ. ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು ಒಂದು ಗಜ. ಒಂದು ಗಜಕ್ಕೆ ಕಾಲಿಂಚು ತಪ್ಪಿದರೆ 40 ಗಜಕ್ಕೆ 10 ಇಂಚು ತಪ್ಪುತ್ತದೆ. ಹಾರುವ ಹಕ್ಕಿಗೆ ಅಷ್ಟು ಸಾಕು, ಬದುಕಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸಾಯದೆ ಗಾಯಗೊಂಡು ಪೊದೆಯೊಳಗೆ ಬೀಳುತ್ತದೆ.

ಹೀಗಾಗಿ ಇಂಗ್ಲೆಂಡಿನ ಹೆಸರಾಂತ ಕೋವಿ ತಯಾರಕರು, 1814ರಿಂದ ನಡೆಯುತ್ತಿರುವ ಪರ್ಡಿ, 1835ರ ಹಾಲೆಂಡ್ ಅಂಡ್ ಹಾಲೆಂಡ್‌ನಂಥವರು, ಗಿರಾಕಿಯನ್ನು ದರ್ಜಿ ಅಳೆಯುವಂತೆ ಅಳೆಯುತ್ತಾರೆ. ತೋಳಿನ ಉದ್ದ, ಕತ್ತಿನ ಎತ್ತರ, ಕೆನ್ನೆಯ ದಪ್ಪ, ಎದೆಯ ಅಗಲ, ಎರಡು ಕಣ್ಣುಗಳಲ್ಲಿ ಯಜಮಾನ ಕಣ್ಣು ಯಾವುದು ಎಂಬುದೂ ಸೇರಿ. ಅಳತೆಗೆಂದೇ ಕೀಲುಗಳಿರುವ ಒಂದು ಕೋವಿಯನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಂಡುಹಿಡಿದರು. ಮರವನ್ನು ಉದ್ದ ಗಿಡ್ಡ, ಎಡ ಬಲ, ಮೇಲೆ ಕೆಳಗೆ ತಿರುಪಿನಿಂದ ಸರಿಸಿ, ಎಲ್ಲಿ ಒಪ್ಪುತ್ತದೋ ಅಲ್ಲಿ ನಿಲ್ಲಿಸಿ, ಆ ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ಹೆಂಗಸರಿಗಾದರೆ ಮರ ಸಾಮಾನ್ಯವಾಗಿ ಗಿಡ್ಡ ಬೇಕು. ಕೆಳತುದಿ ಎದೆಗೆ ಒತ್ತದಂತೆ ಅದನ್ನು ಸ್ವಲ್ಪ ಹೊರಕ್ಕೆ ತಿರುಗಿಸಬೇಕು. ಆ ಗಿರಾಕಿಗೆ “ನಿನ್ನ ಕತ್ತು ಉದ್ದವಾಯಿತು, ಗಿಡ್ಡ ಮಾಡಿಕೊಂಡು ಬಾ” ಎಂದು ಯಾರೂ ಹೇಳುವುದಿಲ್ಲ. ಹಣವಿದ್ದವನಿಗೆ ವಸ್ತು ಬಗ್ಗುತ್ತದೆ. ಅಂಗಡಿಯ ಸಿದ್ಧ ಮಾಲು ಕೊಳ್ಳುವವನು ತಾನೇ ಬಗ್ಗುತ್ತಾನೆ.

ಇನ್ನು ಸಿದ್ಧವಾದ ಕೋವಿ ಇನ್ನೊಬ್ಬರ ಕೈಗೆ ಬಂದಾಗ? ಆಗ ಮರವನ್ನು ಬಗ್ಗಿಸುತ್ತಾರೆ. ಐವತ್ತು ವರ್ಷದ, ನೂರು ವರ್ಷದ ಒಣ ಮರವನ್ನು! ಗಾದೆ ಮುರಿದದ್ದು ಇಲ್ಲಿ. ಉಕ್ಕಿನ ಭಾಗದ ಹಿಂದೆ ಕೈ ಹಿಡಿಯುವ ಜಾಗ ಮಣಿಕಟ್ಟಿನಂತೆ ತೆಳ್ಳಗಿರುತ್ತದೆ, ಬಗ್ಗುವುದು ಅಲ್ಲೇ. ಅದಕ್ಕೆ ಬಟ್ಟೆ ಸುತ್ತಿ, ಕಾದ ಅಗಸೆ ಎಣ್ಣೆಯನ್ನು ಸೌಟಿನಿಂದ ಮತ್ತೆ ಮತ್ತೆ ಹೊಯ್ಯುತ್ತಾರೆ. ಈಚೆಗೆ ಬಿಸಿ ದೀಪಗಳನ್ನು ಬಳಸುವವರೂ ಉಂಟು. ಮರದ ನಾರುಗಳನ್ನು ಹಿಡಿದಿಟ್ಟ ಅಂಟಿನಂಥ ವಸ್ತು ಕಾವಿಗೆ ಮೆತ್ತಗಾಗುತ್ತದೆ. ವಿಯೆನ್ನಾದ ಥೋನೆಟ್ ಎಂಬಾತ 1859ರಲ್ಲಿ ಆವಿಯಲ್ಲಿ ಮರ ಬಗ್ಗಿಸಿ ಮಾಡಿದ ದುಂಡು ಬೆನ್ನಿನ ಕುರ್ಚಿಗೂ ಇದೇ ಗುಟ್ಟು. ಆದರೆ ಮೆರುಗು ಕೊಟ್ಟ ಕೋವಿಯ ಮರಕ್ಕೆ ನೀರು ತಗುಲಿದರೆ ಕೆಡುತ್ತದೆ, ಅದಕ್ಕೇ ಎಣ್ಣೆ. ಕಾವು ಒಳಗಿನ ತಿರುಳಿನವರೆಗೂ ಇಳಿದ ಮೇಲೆ ಕಬ್ಬಿಣದ ಚೌಕಟ್ಟಿನಲ್ಲಿ ಸಿಕ್ಕಿಸಿ ತಿರುಪನ್ನು ಒಂದೊಂದೇ ಸುತ್ತು ಬಿಗಿಯುತ್ತಾರೆ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗಿಸಬೇಕು. ಏಕೆಂದರೆ ಬಿಟ್ಟ ಮೇಲೆ ಅದು ಸ್ವಲ್ಪ ಹಿಂದಕ್ಕೆ ಬರುತ್ತದೆ. ರಾತ್ರಿಯೆಲ್ಲ ಆರಲು ಬಿಟ್ಟು ಬೆಳಿಗ್ಗೆ ಬಿಚ್ಚಿ ಅಳೆಯಬೇಕು. ಎಳೆ ಅಡ್ಡಡ್ಡ ಓಡಿದ್ದರೆ, ಒಳಗೆ ಕಾಣದ ಬಿರುಕಿದ್ದರೆ, ಟಪ್ ಎಂದು ಹೋಗುತ್ತದೆ. ಒಡೆದರೆ ಹೊಣೆ ಮಾಲೀಕನದು ಎಂದು ಸಾಮಾನ್ಯವಾಗಿ ಮೊದಲೇ ಹೇಳಿಬಿಡುತ್ತಾರೆ.

“ಆತುರ ಮಾಡಿದವನು ಮರ ಒಡೆಯುತ್ತಾನೆ ಟೀಚರೇ” ಎಂದರು ಸುಬೇದಾರರು. ಬಿ.ಇಡಿ. ಓದುವಾಗ ನಮಗೆ ಹೇಳಿಕೊಟ್ಟದ್ದೂ ಇದನ್ನೇ. ಬೆತ್ತ ಬೇಡ, ಪ್ರೀತಿಯಿಂದ, ತಾಳ್ಮೆಯಿಂದ ಮಕ್ಕಳನ್ನು ತಿದ್ದಬೇಕು. ಇಲ್ಲಿಗೆ ಪ್ರಬಂಧ ಮುಗಿಸಿದ್ದರೆ ನಿಮಗೂ ನನಗೂ ಸುಖವಾಗುತ್ತಿತ್ತು. ಆದರೆ ಬಿಸಿ ಎಣ್ಣೆಯ ಬಗ್ಗೆ ನನಗೊಂದು ಅನುಮಾನವಿದೆ.

ನನ್ನ ಅತ್ತೆಯವರು ಹದಿನಾಲ್ಕು ವರ್ಷದಲ್ಲಿ ನನ್ನ ಮೇಲೆ ಒಂದು ದಿನವೂ ದನಿಯೇರಿಸಿದವರಲ್ಲ. ಮದುವೆಗೆ ಮುಂಚೆ ನಾನು ಆರು ವರ್ಷ ಸಂಗೀತ ಕಲಿತಿದ್ದೆ. “ಚೆನ್ನಾಗಿ ಹಾಡ್ತೀಯ ಮಗೂ, ಆದರೆ ಸಂಜೆ ಹೊತ್ತು ನಿಮ್ಮ ಮಾವನವರಿಗೆ ತಲೆನೋವು” ಎಂದರು. ಸರಿ, ಬೆಳಿಗ್ಗೆ ಎಂದುಕೊಂಡೆ. ಬೆಳಿಗ್ಗೆ ಡಬ್ಬಿ ಕಟ್ಟಬೇಕು, ಶಾಲೆಗೆ ಬಸ್ಸು ಹಿಡಿಯಬೇಕು. “ಭಾನುವಾರ ಹಾಡಮ್ಮ, ನಾನೂ ಕೇಳ್ತೀನಿ” ಎಂದರು. ಭಾನುವಾರ ನೆಂಟರು. ತಂಬೂರಿಗೆ ಅವರೇ ಹಳೆಯ ಪಂಚೆಯಿಂದ ಗವಸು ಹೊಲಿದುಕೊಟ್ಟರು, ಧೂಳು ಕೂರಬಾರದು ಎಂದು. ಎಷ್ಟು ಅಕ್ಕರೆ ನೋಡಿ! ಜಗಳವಾಗಿದ್ದರೆ ನಾನೂ ನಾಲ್ಕು ಮಾತಾಡಿ ಹಾಡುತ್ತಿದ್ದೆನೇನೋ. ಎಲ್ಲಿ ಒಡೆಯಿತು ಎಂದು ಯಾರಾದರೂ ಕೇಳಿದರೆ ತೋರಿಸಲು ನನ್ನಲ್ಲಿ ಬಿರುಕೇ ಇಲ್ಲ. ಒರಟಾಗಿ ಬಗ್ಗಿಸಿದ್ದು ಮುರಿಯುತ್ತದೆ, ನಾಲ್ಕು ಜನಕ್ಕೆ ಕಾಣುತ್ತದೆ. ಮೆಲ್ಲಗೆ ಬಗ್ಗಿಸಿದ್ದು ಹುಟ್ಟಿನಿಂದ ಹಾಗೇ ಇತ್ತೇನೋ ಎಂಬಂತೆ ಕಾಣುತ್ತದೆ. ಹಾಗಾಗಿ ಬಗ್ಗಿಸುವುದು ಸರಿಯೇ ತಪ್ಪೇ ಎನ್ನುವುದನ್ನು ಎಷ್ಟು ಮೆತ್ತಗೆ ಬಗ್ಗಿಸಿದರು ಎಂಬುದರಿಂದ ತೀರ್ಮಾನಿಸಲು ನಾನು ಒಪ್ಪುವುದಿಲ್ಲ.

ಅತ್ತೆಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರದೇ ಅಡುಗೆಮನೆಯ ಕಟ್ಟೆಯನ್ನು ಗಾರೆ ಕೆಲಸದವನು ತನ್ನ ಎತ್ತರಕ್ಕೆ ಕಟ್ಟಿ ಹೋಗಿದ್ದ. ಅತ್ತೆ ನಾಲ್ಕಡಿ ಹತ್ತಿಂಚು. ಮೂವತ್ತು ವರ್ಷ ಮಣೆಯೊಂದನ್ನು ಹಾಕಿಕೊಂಡು ಅದರ ಮೇಲೆ ನಿಂತು ರೊಟ್ಟಿ ತಟ್ಟಿದರು. ಮನೆ ರಿಪೇರಿ ಮಾಡಿಸುವಾಗ ನಾನು ಹಟ ಹಿಡಿದು ಕಟ್ಟೆ ತಗ್ಗಿಸಿದೆ. ಅವರು ಅದರ ಮುಂದೆಯೂ ಮಣೆ ಹಾಕಿಕೊಂಡೇ ನಿಂತರು! ಈಗ ಸೊಂಟ ಬಗ್ಗಿಸಬೇಕಾಯಿತು. ಮಣೆ ತೆಗೆಯಿರಿ ಎಂದರೆ, “ಇಲ್ಲದಿದ್ದರೆ ಅಡುಗೆ ಮಾಡಿದ ಹಾಗೇ ಆಗಲ್ಲ ಕಣೇ” ಎನ್ನುತ್ತಿದ್ದರು.

ಪಕ್ಕದ ಮನೆಯ ಕೋವಿಯ ವಿಚಾರ ಎದ್ದಾಗ ನನಗೆ ನೆನಪಾದದ್ದು ಆ ಮಣೆಯೇ. 2014ರಲ್ಲಿ ಸುಬೇದಾರರ ಸೊಸೆಗೆ ತೆಂಗಿನಕಾಯಿ ಪಂದ್ಯದಲ್ಲಿ ಹೆಸರು ಕೊಡುವ ಆಸೆಯಾಯಿತು. ಹುಡುಗಿ ಎಡಚಿ, ಯಜಮಾನ ಕಣ್ಣೂ ಎಡದ್ದೇ. ಬಲಗಡೆಗೆ ವಾರೆಯಾದ ಮರವನ್ನು ಎಡ ಭುಜಕ್ಕೆ ಆನಿಸಿದರೆ ವಾರೆ ಇಮ್ಮಡಿಯಾಗಿ ಕಾಡುತ್ತದೆ. ಕೆನ್ನೆಗೆ ಪೆಟ್ಟು, ಗುರಿ ಎತ್ತಲೋ. ಮರ ಬಗ್ಗಿಸಿ ನೇರ ಮಾಡಬಹುದು, ಆ ವಿದ್ಯೆಯನ್ನು ಅವರು ಹಿಂದೆ ರಜೆಗೆ ಬಂದಾಗಲೆಲ್ಲ ಹಳೆಯ ಕೋವಿ ರಿಪೇರಿಯವರೊಬ್ಬರ ಬಳಿ ನಿಂತು ಕಲಿತಿದ್ದರು. ಆದರೆ ಮನೆಯಲ್ಲಿ ಗಂಟಲು ಗಂಟಲಿಗೆ ಮಾತು. ಅಜ್ಜನ ಕೋವಿ, ಅಜ್ಜನ ಭುಜಕ್ಕೆ ಕೂತದ್ದು, ಅದನ್ನು ಬಗ್ಗಿಸುವುದೆಂದರೆ ಅಜ್ಜನನ್ನೇ ಬಗ್ಗಿಸಿದ ಹಾಗೆ. ಒಡೆದರೆ? ನಾಳೆ ಮನೆಯ ಗಂಡಸರು ಯಾವುದರಲ್ಲಿ ಹೊಡೆಯಬೇಕು? ಸೊಸೆಯೇ, “ಬೇಡ ಬಿಡಿ ಮಾವ, ನಾನೇ ಬಲಗಡೆ ಅಭ್ಯಾಸ ಮಾಡ್ಕೋತೀನಿ” ಎಂದಳು.

ಸುಬೇದಾರರು ಆ ದಿನ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನೆದುರು ಒಂದು ವಿಷಯ ಹೇಳಿದರು. ಮೂರು ನೂಲಿನ ಆ ವಾರೆ, ಆ ಇಳಿಜಾರು ಅವರ ಅಪ್ಪನದಲ್ಲ. ಅದು ಆರಡಿ ದಾಟಿದ, ಅಗಲ ಎದೆಯ, ಉದ್ದ ಕತ್ತಿನ ಯಾವನೋ ಸಾಹೇಬನ ಅಳತೆ. ಅಪ್ಪ ಗಟ್ಟಿ ಆಳು, ಆದರೆ ಗಿಡ್ಡ. ಕೊಂಡಾಗ ಊರ ಬಡಗಿಯಿಂದ ತುದಿಯನ್ನು ಅರ್ಧ ಇಂಚು ಕೊಯ್ಯಿಸಿಕೊಂಡರು, ಉದ್ದವೇನೋ ಸರಿಹೋಯಿತು. ವಾರೆ ಸರಿಪಡಿಸುವವರು ಸಿಗಲಿಲ್ಲ. ಆದ್ದರಿಂದ ಕತ್ತನ್ನೇ ಬಲಕ್ಕೆ ವಾಲಿಸಿ, ಗಲ್ಲ ಎತ್ತಿ, ನಲವತ್ತು ವರ್ಷ ಹೊಡೆದರು. “ನಾವು ಅಣ್ಣತಮ್ಮಂದಿರೆಲ್ಲ ಅದನ್ನೇ ಗತ್ತು ಅಂತ ಕಲಿತೆವು ಟೀಚರೇ. ನನ್ನ ಮಗನೂ ಹಾಗೇ ಕತ್ತು ವಾಲಿಸ್ತಾನೆ, ಅವನ ಕೈಲಿ ಏರ್‌ಗನ್ ಇದ್ದರೂ.” ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಮನೆತನದ ರೀತಿ, ಹಿರಿಯರ ಪದ್ಧತಿ ಎಂದು ನಾವು ಕಣ್ಣಿಗೊತ್ತಿಕೊಳ್ಳುವುದರಲ್ಲಿ ಎಷ್ಟು ಹೀಗೆ ಯಾರದೋ ಅಳತೆಗೆ ಹಿರಿಯರು ವಾಲಿಸಿದ ಕತ್ತು? ಎಲ್ಲವೂ ಹಾಗೆ ಎನ್ನುವಷ್ಟು ಉದ್ಧಟತನ ನನಗಿಲ್ಲ. ಆದರೆ ನಲವತ್ತು ವರ್ಷ ಹಾಗೆ ಹೊಡೆದ ಅಜ್ಜನಿಗೆ ಗೌರವ ಕೊಡುವುದೆಂದರೆ ಅವನ ಕತ್ತುನೋವನ್ನು ಮೊಮ್ಮಕ್ಕಳಿಗೂ ಹಂಚುವುದೇ? ಅಥವಾ ಅವನ ಕಾಲದಲ್ಲಿ ಸಿಗದ ಅನುಕೂಲವನ್ನು ಅವನ ಹೆಸರಿನಲ್ಲೇ ಈಗ ಮಾಡಿಕೊಡುವುದೇ? ನನಗೆ ಎರಡನೆಯದೇ ಸರಿ ಎನ್ನಿಸುತ್ತದೆ. ಸುಬೇದಾರರಿಗೂ ಹಾಗೆಂದೇ ಹೇಳಿದೆ.

ಇದಕ್ಕೆ ಎದುರು ವಾದ ನಮ್ಮ ಸ್ಟಾಫ್‌ರೂಮಿನಲ್ಲೇ ಸಿಕ್ಕಿತು. ಒಬ್ಬೊಬ್ಬರಿಗೂ ಒಂದೊಂದು ಅಳತೆ ಎಂದು ಹೊರಟರೆ ಲೋಕ ನಡೆಯುವುದುಂಟೇ? ಸೈನ್ಯದಲ್ಲಿ ಎಲ್ಲರಿಗೂ ಒಂದೇ ಬಂದೂಕು, ಸೈನಿಕ ಹೊಂದಿಕೊಳ್ಳುವುದಿಲ್ಲವೇ? ಈ ಮಾತನ್ನು ಒಯ್ದು ಸುಬೇದಾರರ ಮುಂದಿಟ್ಟೆ. ಹಳೆಯ .303 ರೈಫಲ್ಲಿಗೆ ಕೂಡ ಹಿಂದಿನ ಮರ ಬೇರೆ ಬೇರೆ ಉದ್ದದಲ್ಲಿ ಬರುತ್ತಿತ್ತಂತೆ. ಉದ್ದದ್ದಕ್ಕೆ ‘ಎಲ್’, ಸಾಮಾನ್ಯದ್ದಕ್ಕೆ ‘ಎನ್’, ಗಿಡ್ಡಕ್ಕೆ ‘ಎಸ್’, ಅದಕ್ಕೂ ಗಿಡ್ಡದ್ದಕ್ಕೆ ‘ಬಿ’. ಬಿ ಎಂದರೆ ಬ್ಯಾಂಟಮ್, ಗಿಡ್ಡ ಜಾತಿಯ ಕೋಳಿ! ಲಕ್ಷಗಟ್ಟಲೆ ಜನರನ್ನು ಒಂದೇ ಹೆಜ್ಜೆಯಲ್ಲಿ ನಡೆಸಬೇಕೆಂದಿದ್ದ ಸಾಮ್ರಾಜ್ಯವೇ ತೋಳಿನ ಉದ್ದಕ್ಕೆ ಇಷ್ಟು ರಿಯಾಯಿತಿ ಕೊಟ್ಟಿತ್ತು. ನಮ್ಮ ಶಾಲೆಯ ಬೆಂಚಿಗೆ ಒಂದೇ ಅಳತೆ.

ಬೆಂಚು ಎಂದ ಕೂಡಲೇ ನೆನಪಾಗುವುದು ಎಡಗೈಯ ಮಕ್ಕಳು. ಮೂವರು ಕೂರುವ ಬೆಂಚಿನಲ್ಲಿ ಎಡಚ ಮಗು ಮಧ್ಯೆ ಕೂತರೆ ಎರಡು ಮೊಣಕೈ ಡಿಕ್ಕಿ, ಪಕ್ಕದವನ ಅಕ್ಷರ ಸೊಟ್ಟ, ದೂರು, ಗುದ್ದು. ಎಡತುದಿಗೆ ಕೂರಿಸಿದರೆ ಆಯಿತು. ನನ್ನ ತರಗತಿಯಲ್ಲಿ ಇಪ್ಪತ್ತೈದು ವರ್ಷದಿಂದ ಹಾಗೆಯೇ. ಖರ್ಚಿಲ್ಲ, ಸರ್ಕಾರದ ಆದೇಶವೂ ಬೇಡ. ಆದರೂ ಒಬ್ಬಳು ತಾಯಿ ಬಂದು, “ಮಿಸ್, ಬಲಗೈಯಲ್ಲಿ ಬರೆಯೋ ಹಾಗೆ ಮಾಡಿ, ಇನ್ನೂ ಎಳೆಯ ಕೈ” ಎಂದು ಅತ್ತಳು. ಆಕೆಯ ಭಯ ಹುಸಿಯಲ್ಲ. ಎಡಗೈಯಲ್ಲಿ ಪ್ರಸಾದಕ್ಕೆ ಕೈಯೊಡ್ಡಿದರೆ, ಊಟಕ್ಕೆ ಕೂತರೆ, ನಾಲ್ಕು ಜನ ತಾಯಿಯನ್ನೇ ಆಡಿಕೊಳ್ಳುತ್ತಾರೆ. ಊಟ ಬಲಗೈಯಲ್ಲಿ, ಬರಹ ಎಡಗೈಯಲ್ಲಿ ಎಂದು ನಾವಿಬ್ಬರೂ ಒಪ್ಪಂದಕ್ಕೆ ಬಂದೆವು. ಊಟ ನಾಲ್ಕು ಜನರ ಪಂಕ್ತಿಯದು, ಅಲ್ಲಿ ಪಂಕ್ತಿಗಾಗಿ ಒಂದಿಷ್ಟು ಬಗ್ಗಬಹುದು. ಬರಹ ಆ ಮಗುವಿನದೇ. ಗೆರೆಯನ್ನು ನಾನು ಅಲ್ಲಿ ಎಳೆದೆ, ನೀವು ಬೇರೆ ಕಡೆ ಎಳೆಯಬಹುದು. ಗೆರೆಯೇ ಬೇಡ ಎನ್ನುವವರ ಜೊತೆ ಮಾತ್ರ ನನಗೆ ಜಗಳ.

ಗಾದೆಯ ಮೇಲೆ ನನ್ನ ನಿಜವಾದ ತಕರಾರು ಮರ ಬಗ್ಗುತ್ತದೋ ಇಲ್ಲವೋ ಎಂಬುದಲ್ಲ. ಅದು ಮಗುವನ್ನು, ಸೊಸೆಯನ್ನು ಮರದ ಜಾಗದಲ್ಲಿ ನಿಲ್ಲಿಸುತ್ತದೆ. ಕೋವಿಯವನು ಮರ ಮುಟ್ಟುವ ಮುಂಚೆ ಭುಜ ಅಳೆದ. ನಮ್ಮಲ್ಲಿ ಭುಜವನ್ನೇ ಚೌಕಟ್ಟಿಗೆ ಸಿಕ್ಕಿಸಿ ತಿರುಪು ಬಿಗಿಯುತ್ತೇವೆ. ಮನೆ, ಶಾಲೆ, ಕಟ್ಟೆ, ಬೆಂಚು, ವೇಳಾಪಟ್ಟಿ, ಇವೆಲ್ಲ ಮರ. ಬಗ್ಗಬೇಕಾದವು ಮೊದಲು ಅವು. ಹಾಗೆಂದು ಮನುಷ್ಯರು ಬಗ್ಗಲೇಬಾರದೆಂದು ನಾನು ಹೇಳಲಾರೆ. ಅತ್ತೆಯವರು ಲಕ್ವ ಹೊಡೆದು ಮೂರು ವರ್ಷ ಮಲಗಿದ್ದಾಗ ನನ್ನ ದಿನಚರಿಯೆಲ್ಲ ಅವರ ಅಳತೆಗೆ ಬಗ್ಗಿತು. ಅದನ್ನು ಯಾರೂ ನನ್ನಿಂದ ಮಾಡಿಸಲಿಲ್ಲ. ಇವತ್ತಿಗೂ ಆ ಮೂರು ವರ್ಷದ ಬಗ್ಗೆ ನನಗೆ ಒಂದಿಷ್ಟೂ ಕಹಿಯಿಲ್ಲ. ತಂಬೂರಿಯ ಗವಸಿನ ಬಗ್ಗೆ ಇದೆ. ಒಂದೇ ಹೆಂಗಸು, ಒಂದೇ ಅತ್ತೆ. ವ್ಯತ್ಯಾಸ ಎಲ್ಲಿದೆ ಎಂದು ಯೋಚಿಸಿದರೆ, ಒಂದರಲ್ಲಿ ನನ್ನನ್ನು ಕೇಳಿಕೊಂಡದ್ದು ನಾನೇ, ಇನ್ನೊಂದರಲ್ಲಿ ಯಾರೂ ಕೇಳಲೇ ಇಲ್ಲ.

ರವಿಕೆ ಹೊಲಿಸಲು ಹೋದಾಗ ನಮ್ಮ ದರ್ಜಿ ‘ಅಳತೆ ರವಿಕೆ ಕೊಡಿ’ ಎನ್ನುತ್ತಾನಲ್ಲ, ನಾವು ಹತ್ತು ವರ್ಷದ ಹಿಂದಿನದನ್ನು ಕೊಟ್ಟು ಬರುತ್ತೇವೆ. ಆಮೇಲೆ ತೋಳು ಬಿಗಿ ಎಂದು ಅವನನ್ನು ಬೈಯುತ್ತೇವೆ. ಈ ವಯಸ್ಸಿನಲ್ಲಿ ನಮ್ಮ ಅಳತೆಯನ್ನು ನಾವೇ ಮತ್ತೊಮ್ಮೆ ತೆಗೆಸಿಕೊಳ್ಳುವುದು ಒಳ್ಳೆಯದು. ತಂಬೂರಿಯ ಗವಸು ಈಗ ತೆಗೆದಿದ್ದೇನೆ. ಷಡ್ಜ ಹಿಡಿಯುವುದೇ ಕಷ್ಟವಾಗಿದೆ, ಅದು ಬೇರೆ ಮಾತು.

ಸುಬೇದಾರರು ಆ ಆಗಸ್ಟಿನಲ್ಲಿ ಕೊಟ್ಟಿಗೆಯ ಪಕ್ಕ ಒಲೆ ಹೂಡಿ ಎಣ್ಣೆ ಕಾಯಿಸಿದರು. ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಪೂರ್ತಿ ಎಡಕ್ಕೆ ಬಗ್ಗಿಸುವ ಗೋಜಿಗೆ ಅವರು ಹೋಗಲಿಲ್ಲ. ನಟ್ಟನಡುವೆ ನೇರಕ್ಕೆ ತಂದು ನಿಲ್ಲಿಸಿದರು, ಯಾವ ಭುಜಕ್ಕೂ ಅಪ್ಪಟ ಹೊಂದದ, ಯಾವ ಭುಜವನ್ನೂ ತೀರಾ ನೋಯಿಸದ ಹಾಗೆ. ಮಗನಿಗೆ ಸ್ವಲ್ಪ ಮುನಿಸಾಯಿತು, ಕತ್ತು ವಾಲಿಸಿದರೆ ಈಗ ಗುರಿ ತಪ್ಪುತ್ತಿತ್ತು. ಸೊಸೆ ಆ ವರ್ಷ ಎರಡು ತೋಟೆ ದಂಡ ಮಾಡಿ ಮೂರನೆಯದರಲ್ಲಿ ಕಾಯಿ ಒಡೆದಳು.

ಪ್ರತಿ ವರ್ಷ ಪೂಜೆಗೆ ಮುಂಚೆ ಕೋವಿ ಒರೆಸುವಾಗ ಅವರು ದಾರ ಕಟ್ಟಿ ಅಳೆಯುತ್ತಾರೆ. ಹೋದ ಸಲ ಅಳೆದು, ಒಂದು ನೂಲಿನಷ್ಟು ಬಲಕ್ಕೆ ಮರಳಿದೆ ಎಂದರು. ಮತ್ತೆ ಎಣ್ಣೆ ಕಾಯಿಸುವುದೇ ಎಂದು ಕೇಳಿದೆ. ಅವರು ಸೊಸೆಯ ಮುಖ ನೋಡಿದರು. ಅವಳು ಕೋವಿಯನ್ನು ತೆಗೆದುಕೊಂಡು ಎಡ ಭುಜಕ್ಕೆ ಆನಿಸಿ, ಕೆನ್ನೆಯಿಟ್ಟು ಒಂದು ಗಳಿಗೆ ನೋಡಿ, “ಈ ವರ್ಷಕ್ಕೆ ಇರಲಿ ಮಾವ” ಎಂದು ಕೆಳಗಿಟ್ಟು, ಕಡಂಬುಟ್ಟಿಗೆ ಹಿಟ್ಟು ಕಲೆಸಲು ಒಳಗೆ ಹೋದಳು.